ಸರ್ಟಿಫಿಕೇಟಿನಲ್ಲಿ ಇಲ್ಲದ ಒಂದು ಸಾಲು

"ನಮ್ಮೂರಾಗೇ ದಿನಾ ಕ್ಯಾನುಗಟ್ಲೆ ಹಾಲು ಡೈರಿಗೆ ಹೋಯ್ತದೆ. ಅದ್ರಾಗಿರೋ ಸತ್ವನೇ ಹಡಗ್ನಾಗೆ ತರುಸ್ತೀನಿ ಅಂತೀಯಲ್ಲ ಮಗಾ, ಯಾಕೆ?"

2023ರ ಜನವರಿಯಲ್ಲಿ ಅಮ್ಮ ಇದನ್ನು ಕೇಳಿದಾಗ ನಾನು ಏನೋ ಒಂದು ಹೇಳಿ ಸುಮ್ಮನಾಗಿಸಿದೆ. ಸರಿಯಾದ ಉತ್ತರ ಕಂಡುಕೊಳ್ಳಲು ನನಗೆ ಒಂದೂವರೆ ವರ್ಷ ಹಿಡಿಯಿತು.

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಅದಕ್ಕೆ ವೇ ಪ್ರೋಟೀನ್ ಬೆರೆಸಿ ಡಬ್ಬಿಗೆ ತುಂಬುತ್ತೇವೆ. ಕೆಲಸಕ್ಕೆ ಏಳು ಜನ ಇದ್ದಾರೆ. ಕೊಳ್ಳುವವರಲ್ಲಿ ಅರ್ಧದಷ್ಟು ಜಿಮ್ಮಿಗೆ ಹೋಗುವ ಹುಡುಗರು, ಉಳಿದರ್ಧ ಆಪರೇಷನ್ ಆಗಿ ಮನೆಗೆ ಬಂದವರು, ಮುದ್ದೆ ನುಂಗಲಾಗದ ವಯಸ್ಸಾದವರು. ರಾಗಿ ಪಾವಗಡ, ಶಿರಾ ಕಡೆಯಿಂದ ಬರುತ್ತದೆ. ವೇ ಪುಡಿಯನ್ನು ಬೆಂಗಳೂರಿನ ವ್ಯಾಪಾರಿಯೊಬ್ಬರಿಂದ ಕೊಳ್ಳುತ್ತಿದ್ದೆವು. ಒಂದು ಸಲ ಸಿಕ್ಕ ಪುಡಿ ಇನ್ನೊಂದು ಸಲ ಸಿಗುತ್ತಿರಲಿಲ್ಲ. ಚೀಲದ ಮೇಲಿನ ಬ್ಯಾಚ್ ನಂಬರಿಗೂ ಕೊಟ್ಟ ಲ್ಯಾಬ್ ವರದಿಗೂ ತಾಳೆಯಾಗದ ದಿನ ನಾನು ನಿರ್ಧಾರ ಮಾಡಿದೆ: ಇನ್ನು ನೇರವಾಗಿ ತರಿಸುತ್ತೇನೆ. ರೋಗಿಗಳು ತಿನ್ನುವ ವಸ್ತುವಿನಲ್ಲಿ ಏನಿದೆಯೆಂದು ಊಹೆಯ ಮೇಲೆ ಬರೆಯುವುದು ನನ್ನಿಂದ ಆಗಲಿಲ್ಲ.

ವೇ ಅಂದರೆ ಹಾಲು ಒಡೆದಾಗ ಉಳಿಯುವ ತಿಳಿಹಳದಿ ನೀರು. ಅಮ್ಮ ಅದನ್ನು ಕಲಗಚ್ಚಿಗೆ ಸುರಿಯುತ್ತಾಳೆ, ಹಸು ಕುಡಿಯುತ್ತದೆ. ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನ್. ಅದು ಗಟ್ಟಿಯಾಗಿ ಪನೀರು, ಚೀಸು ಆಗುತ್ತದೆ. ಉಳಿದ ಒಂದು ಪಾಲು ಆ ನೀರಿನಲ್ಲಿ ಕರಗಿರುತ್ತದೆ. ಲೀಟರಿಗೆ ಆರೇಳು ಗ್ರಾಂ ಅಷ್ಟೇ. ನೂರಕ್ಕೆ 80 ಪಾಲು ಪ್ರೋಟೀನಿರುವ ಪುಡಿ ಒಂದು ಕಿಲೋ ಬೇಕಾದರೆ ನೂರು ಲೀಟರಿಗೂ ಮೀರಿದ ವೇ ನೀರನ್ನು ಸೂಕ್ಷ್ಮ ಪೊರೆಗಳಲ್ಲಿ ಸೋಸಿ, ಆಮೇಲೆ ಬಿಸಿ ಗಾಳಿಯಲ್ಲಿ ಸಿಂಪಡಿಸಿ ಒಣಗಿಸಬೇಕು. ಚೀಸು ಹೆಚ್ಚು ಮಾಡುವ ದೇಶಗಳಲ್ಲಿ ಈ ನೀರು ಹೊಳೆಯಂತೆ ಸಿಗುತ್ತದೆ. ನಮ್ಮಲ್ಲಿ ಹಾಲು ಹಾಲಾಗಿ, ಮೊಸರಾಗಿ, ತುಪ್ಪವಾಗಿ ಖರ್ಚಾಗುತ್ತದೆ. ಮಲ್ಲಸಂದ್ರದ ಡೈರಿಗೆ ಸಾಲುಗಟ್ಟಿ ಟ್ಯಾಂಕರ್ ಬಂದರೂ ನನ್ನ ಘಟಕಕ್ಕೆ ವೇ ಪುಡಿ ಸಿಗದಿರುವುದಕ್ಕೆ ಕಾರಣ ಇಷ್ಟೇ. ಅಮ್ಮನಿಗೆ ಕೊಡಬೇಕಾದ ಉತ್ತರದ ಮೊದಲ ಅರ್ಧ ಇದು.

ಕಾಗದದ ಕೆಲಸ ಶುರುವಾದದ್ದು ಸುಲಭದ್ದರಿಂದಲೇ. ಆಮದು–ರಫ್ತು ಕೋಡ್, ಎಲ್ಲರೂ ಐಇಸಿ ಅನ್ನುವುದು, ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ, ಅಂದರೆ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ 500 ರೂಪಾಯಿ ಕಟ್ಟಿದರೆ ಬಂತು. ಅದನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಪೋರ್ಟಲ್‌ನಲ್ಲಿ ಒಮ್ಮೆ ದೃಢೀಕರಿಸಬೇಕು, ಇಲ್ಲದಿದ್ದರೆ ಕೋಡ್ ನಿಷ್ಕ್ರಿಯವಾಗುತ್ತದೆ. ಎರಡನೆಯದು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನದು. ನಮ್ಮ ಘಟಕಕ್ಕೆ ಇದ್ದದ್ದು ರಾಜ್ಯದ ಲೈಸೆನ್ಸ್. ಆಮದುದಾರರಿಗೆ ಕೇಂದ್ರದ ಲೈಸೆನ್ಸೇ ಆಗಬೇಕು, ಆಗ ವರ್ಷಕ್ಕೆ 7,500 ರೂಪಾಯಿ ಇತ್ತು. ಮೂರನೆಯದು ನಮ್ಮ ಕೈಯಲ್ಲಿಲ್ಲದ್ದು: 2023ರ ಫೆಬ್ರವರಿಯಿಂದ ಹಾಲಿನ ಉತ್ಪನ್ನ ಕಳಿಸುವ ಹೊರದೇಶದ ಕಾರ್ಖಾನೆಯೇ ಎಫ್‌ಎಸ್‌ಎಸ್‌ಎಐನಲ್ಲಿ ನೋಂದಾಯಿಸಿರಬೇಕು. ನಾನು ಮಾತಾಡಿದ ಮೂರು ಕಾರ್ಖಾನೆಗಳಲ್ಲಿ ಒಂದು ಮಾತ್ರ ನೋಂದಣಿಯಾಗಿತ್ತು. ಬೆಲೆ ಹೋಲಿಸುವ ಮೊದಲು ಅದನ್ನು ಕೇಳಿದ್ದು ಒಳ್ಳೆಯದಾಯಿತು.

ಇನ್ನೊಬ್ಬ ದಲ್ಲಾಳಿ ತುಂಬ ಅಗ್ಗದ ದರ ಕಳಿಸಿದ್ದ. ಮೂಲ ದೇಶ ಯಾವುದೆಂದು ನಾಲ್ಕು ಸಲ ಕೇಳಿದ ಮೇಲೆ ಚೀನಾ ಅಂದ. ಅಲ್ಲಿಂದ ಹಾಲು, ಹಾಲಿನ ಪದಾರ್ಥ ತರುವುದಕ್ಕೆ 2008ರ ಸೆಪ್ಟೆಂಬರ್‌ನಿಂದ ನಮ್ಮಲ್ಲಿ ನಿಷೇಧ ಇದೆ. ಆ ವರ್ಷ ಅಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿದ್ದರು. ಸುಮಾರು ಮೂರು ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಆರು ಸತ್ತವು. ಪ್ರೋಟೀನು ಅಳೆಯುವ ಹಳೇ ವಿಧಾನ ನಿಜಕ್ಕೂ ಅಳೆಯುವುದು ನೈಟ್ರೋಜನ್ನನ್ನು. ಬಂದ ಅಂಕಿಯನ್ನು ಹಾಲಿನ ಪದಾರ್ಥಕ್ಕೆ 6.38ರಿಂದ ಗುಣಿಸುತ್ತಾರೆ. ಮೆಲಮೈನಿನಲ್ಲಿ ನೈಟ್ರೋಜನ್ ತುಂಬಿಕೊಂಡಿರುವುದರಿಂದ ನೀರು ಬೆರೆಸಿದ ಹಾಲೂ ಪರೀಕ್ಷೆಯಲ್ಲಿ ಗಟ್ಟಿಹಾಲಿನಂತೆ ಪಾಸಾಗುತ್ತಿತ್ತು. ಪ್ರೋಟೀನಿನ ಅಂಕಿಯೊಂದನ್ನೇ ನೋಡಿ ಸರಕು ಕೊಳ್ಳುವವರಿಗೆ ನಾನು ಈ ಕತೆಯನ್ನು ಪ್ರತಿ ಸಲ ಹೇಳುತ್ತೇನೆ.

ಮುಖ್ಯ ಪರವಾನಗಿ ಬೇರೆಯೇ. ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್, ಬಾಯಿಮಾತಿನಲ್ಲಿ ಎಸ್‌ಐಪಿ. ಕೊಡುವುದು ದೆಹಲಿಯ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ. ಅದರ ಬೇರು 1898ರ ಜಾನುವಾರು ಆಮದು ಕಾಯ್ದೆಯಲ್ಲಿದೆ. 2001ರಲ್ಲಿ ಆಮದಿನ ಮೇಲಿದ್ದ ಪ್ರಮಾಣದ ನಿರ್ಬಂಧಗಳು ಹೋದ ಕಾಲಕ್ಕೇ ಈ ಕಾಯ್ದೆಗೆ ತಿದ್ದುಪಡಿ ತಂದು, ಜೀವಂತ ದನಕರುಗಳ ಜೊತೆಗೆ ಹಾಲು, ಮಾಂಸ ಮುಂತಾದ ಉತ್ಪನ್ನಗಳನ್ನೂ ಸೇರಿಸಿದರು. ಅರ್ಜಿಯಲ್ಲಿ ಯಾವ ದೇಶ, ಯಾವ ಕಾರ್ಖಾನೆ, ಎಷ್ಟು ತೂಕ, ಯಾವ ಬಂದರು, ಯಾವ ಉಪಯೋಗ, ಪುಡಿ ಹೇಗೆ ತಯಾರಾಗುತ್ತದೆ ಎಲ್ಲವನ್ನೂ ಬರೆಯಬೇಕು.

ಮೊದಲ ಸಲ ಅರ್ಜಿ ತುಂಬುವಾಗ ನನಗೆ ಬೇಸರವೇ ಆಗಿತ್ತು. ಪಾಶ್ಚರೀಕರಿಸಿದ, ಸೋಸಿದ, ಒಣಗಿಸಿದ ಪುಡಿಗೆ ದನದ ಡಾಕ್ಟರ ಒಪ್ಪಿಗೆ ಯಾಕೆ ಬೇಕು ಅನಿಸುತ್ತಿತ್ತು. ಆದರೆ ಅದರ ಹಿಂದಿನ ವರ್ಷವಷ್ಟೇ, 2022ರ ಮಳೆಗಾಲ ಮುಗಿಯುವ ಹೊತ್ತಿಗೆ, ಗುಬ್ಬಿ ಕಡೆಯ ನಮ್ಮ ಹಳ್ಳಿಗೂ ಚರ್ಮಗಂಟು ರೋಗ ಬಂದಿತ್ತು. ಅಮ್ಮನ ಎರಡು ಸೀಮೆಹಸುಗಳಲ್ಲಿ ಒಂದು ಹನ್ನೊಂದು ದಿನ ನರಳಿ ಸತ್ತಿತು. ಮೈತುಂಬ ಗಂಟು, ಕಾಲಲ್ಲಿ ಬಾವು. ಬೇವಿನಸೊಪ್ಪು ಅರಿಶಿನ ಅರೆದು ಹಚ್ಚಿ ಹಚ್ಚಿ ಅಮ್ಮನ ಅಂಗೈ ಹಳದಿಯಾಗಿಯೇ ಉಳಿದಿತ್ತು. ದೇಶಕ್ಕೆ ಆ ರೋಗ ಕಾಲಿಟ್ಟದ್ದು 2019ರಲ್ಲಿ. ಮೂರೇ ವರ್ಷಕ್ಕೆ ನಮ್ಮ ಕೊಟ್ಟಿಗೆಯ ಒಳಗೆ. ಅರ್ಜಿಯ ನಮೂನೆಯಲ್ಲಿ ರೋಗಗಳ ಪಟ್ಟಿ ಓದುತ್ತಾ ಕೂತ ಆ ರಾತ್ರಿ ನನ್ನ ಬೇಸರ ಇಳಿಯಿತು. ಒಂದು ರೋಗ ಗಡಿ ದಾಟಿದರೆ ಅದನ್ನು ಹೊರುವವಳು ಅಮ್ಮ. ಅವಳ ಪರವಾಗಿ ಯಾರೋ ಒಬ್ಬರು ದೆಹಲಿಯಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದರೆ ನಾನು ಉತ್ತರ ಬರೆಯಲೇಬೇಕು.

ಪರ್ಮಿಟ್ ಬರಲು ಒಂದೂವರೆ ತಿಂಗಳು ಆಯಿತು. ನಡುವೆ ಎರಡು ಸಲ ಪ್ರಶ್ನೆ ಬಂತು: ತಯಾರಿಕೆಯ ಹಂತಗಳಲ್ಲಿ ಎಷ್ಟು ಡಿಗ್ರಿ, ಎಷ್ಟು ಸೆಕೆಂಡು ಎಂದು ಬರೆದಿಲ್ಲ ಅಂತ ಒಂದು, ಉಪಯೋಗ ಮನುಷ್ಯರ ಆಹಾರಕ್ಕೋ ಪಶು ಆಹಾರಕ್ಕೋ ಅಂತ ಇನ್ನೊಂದು. ಎರಡನ್ನೂ ಮೊದಲೇ ಬರೆದಿದ್ದರೆ ಹದಿನೈದು ದಿನ ಉಳಿಯುತ್ತಿತ್ತು. ಇದಕ್ಕಿಂತ ದೊಡ್ಡ ಮಾತು: ಪರ್ಮಿಟ್ ಕೈಗೆ ಬರುವ ಮೊದಲು ಸರಕು ಹಡಗು ಹತ್ತಬಾರದು. ಆ ಕಡೆಯವರು ದಿನಾ ಫೋನ್ ಮಾಡಿ "ಈ ವಾರ ಜಾಗ ಇದೆ, ಲೋಡ್ ಮಾಡಿಬಿಡಲಾ?" ಅನ್ನುತ್ತಿದ್ದರು. ಸರಕು ಹಡಗು ಹತ್ತಿದ್ದಕ್ಕೆ ಕೊಡುವ ರಸೀದಿ, ಬಿಲ್ ಆಫ್ ಲೇಡಿಂಗ್‌ನ ತಾರೀಕು ಪರ್ಮಿಟ್ಟಿನ ತಾರೀಕಿಗಿಂತ ಹಿಂದಿನದಾದರೆ ಬಂದರಿನಲ್ಲಿ ಏನು ಹೇಳಿದರೂ ನಡೆಯುವುದಿಲ್ಲ. ಬೇಡವೆಂದು ತಡೆದೆ.

ಅಷ್ಟರೊಳಗೆ ಸುಂಕದ ಲೆಕ್ಕ ಬಿಡಿಸಬೇಕಿತ್ತು. ವೇ ಪುಡಿಗೆ ಕಸ್ಟಮ್ಸ್ ಪುಸ್ತಕದಲ್ಲಿ ಎರಡು ಮನೆ ಇವೆ. ಒಂದು 0404, ವೇ ಮತ್ತು ಬದಲಾಯಿಸಿದ ವೇ, ಹಾಲಿನ ಅಧ್ಯಾಯದಲ್ಲಿ. ಇನ್ನೊಂದು 3502, ಆಲ್ಬುಮಿನ್‌ಗಳ ಸಾಲಿನಲ್ಲಿ. ಎರಡಕ್ಕೂ ನಡುವಿನ ಗೆರೆ 80: ಒಣ ತೂಕದ ಲೆಕ್ಕದಲ್ಲಿ ವೇ ಪ್ರೋಟೀನು ನೂರಕ್ಕೆ 80ಕ್ಕಿಂತ ಹೆಚ್ಚಿದ್ದರೆ 3502, ಇಲ್ಲದಿದ್ದರೆ 0404. ನಾನು ತರಿಸುವಾಗ 0404ಕ್ಕೆ ಮೂಲ ಸುಂಕ ಶೇ 30, 3502ಕ್ಕೆ ಶೇ 20. ಸುಂಕದ ಮೇಲೆ ಶೇ 10 ಸಾಮಾಜಿಕ ಕಲ್ಯಾಣ ಸರ್‌ಚಾರ್ಜ್. ನೂರು ರೂಪಾಯಿಯ ಸರಕಿಗೆ ಒಂದು ಕಡೆ 33, ಇನ್ನೊಂದು ಕಡೆ 22. ಆಮದಿನ ಮೇಲಿನ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ, ಬೇರೆ, ಆದರೆ ಅದು ಕ್ರೆಡಿಟ್ಟಾಗಿ ವಾಪಸ್ ಸಿಗುತ್ತದೆ. ಸುಂಕ ಹೋದರೆ ಹೋಯಿತು.

ಇದರಲ್ಲಿ ಎಡವುವುದು ಹೇಗೆಂದರೆ, ಚೀಲದ ಮೇಲೆ ದೊಡ್ಡದಾಗಿ 80 ಎಂದು ಬರೆದಿರುತ್ತದೆ. ಮೊದಲು ಕಳಿಸಿದ ಮಾದರಿಯ ಲ್ಯಾಬ್ ವರದಿಯಲ್ಲಿ ಒಣ ತೂಕದ ಅಂಕಿ 79.4 ಇತ್ತು. ಬಂದರಿನ ಕೆಲಸ ನೋಡುವ ಕಸ್ಟಮ್ಸ್ ಏಜೆಂಟ್ "ಎಲ್ರೂ 3502 ಅಂತಲೇ ಹಾಕೋದು ಮೇಡಂ" ಅಂದರು. ಬಂದರಿನಲ್ಲಿ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದರೆ ವ್ಯತ್ಯಾಸದ ಸುಂಕ, ಬಡ್ಡಿ, ದಂಡ ಮೂರೂ ನನ್ನ ತಲೆಗೆ ಬರುತ್ತವೆ. ಅದಕ್ಕಿಂತ ಮುಖ್ಯ, 79.4 ಅನ್ನುವುದು 80ಕ್ಕಿಂತ ಹೆಚ್ಚಲ್ಲ. ಖರೀದಿ ಆದೇಶದಲ್ಲೇ ಒಂದು ಷರತ್ತು ಬರೆದೆ: ಒಣ ತೂಕದಲ್ಲಿ 81ಕ್ಕೆ ಕಡಿಮೆ ಇರುವ ಬ್ಯಾಚ್ ಬೇಡ. ಕೊನೆಗೆ ಬಂದ ಬ್ಯಾಚಿನ ವರದಿಯಲ್ಲಿ ತೇವ 5, ಇದ್ದ ಹಾಗೆ ಪ್ರೋಟೀನು 77.1, ಒಣ ತೂಕದಲ್ಲಿ 81.2. ಇದ್ದ ಹಾಗಿನ ಅಂಕಿ ನೋಡಿ ಗಾಬರಿಯಾಗಬೇಡಿ, 77.1ನ್ನು 0.95ರಿಂದ ಭಾಗಿಸಿ ನೋಡಿ. ಅನುಮಾನ ತೀರದಿದ್ದರೆ ಕಸ್ಟಮ್ಸ್‌ನ ಮುಂಗಡ ತೀರ್ಪಿನ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಮೊದಲೇ ಉತ್ತರ ಪಡೆಯುವ ದಾರಿಯೂ ಇದೆ. ನನ್ನಂಥ ಸಣ್ಣವರು ಅದರ ಬಗ್ಗೆ ಕೇಳಿಯೇ ಇರುವುದಿಲ್ಲ.

ಇನ್ನೊಂದು ಕಾಗದವನ್ನೂ ನಾನೇ ಕೇಳಿ ತರಿಸಿಕೊಂಡೆ. ಚೀಸು ಮಾಡಲು ಹಾಲನ್ನು ಹೆಪ್ಪುಗಟ್ಟಿಸುವ ರೆನ್ನೆಟ್ ಕರುವಿನ ಹೊಟ್ಟೆಯಿಂದ ಬರಬಹುದು, ಸೂಕ್ಷ್ಮಾಣುವಿನಿಂದಲೂ ಬರಬಹುದು. ನಮ್ಮ ಗಿರಾಕಿಗಳಲ್ಲಿ ಬಹಳಷ್ಟು ಜನ ಲಿಂಗ ಕಟ್ಟಿದವರು, ಮಠಕ್ಕೆ ನಡೆದುಕೊಳ್ಳುವವರು. ಡಬ್ಬಿಯ ಮೇಲೆ ಹಸಿರು ಚುಕ್ಕಿ ಹಾಕಿ ಅವರ ಕೈಗೆ ಕೊಡುವಾಗ ನನಗೆ ಗೊತ್ತಿರಬೇಕು. ಸೂಕ್ಷ್ಮಾಣು ರೆನ್ನೆಟ್ ಮಾತ್ರ ಬಳಸಿದ್ದೇವೆಂದು ಕಾರ್ಖಾನೆಯ ಲೆಟರ್‌ಹೆಡ್‌ನಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ.

ಎರಡು ಟನ್ ಸರಕು, 20 ಕಿಲೋದ ನೂರು ಚೀಲ, ಯುರೋಪಿನ ಒಂದು ಬಂದರಿನಿಂದ ಮೇ ತಿಂಗಳಲ್ಲಿ ಹೊರಟಿತು. ಪೂರ್ತಿ ಕಂಟೇನರ್ ತುಂಬುವಷ್ಟು ಶಕ್ತಿ ನಮಗಿಲ್ಲದ್ದರಿಂದ ಬೇರೆಯವರ ಸರಕಿನ ಜೊತೆ ಪಾಲಿನಲ್ಲಿ ಬಂತು. ಹೊರಟ ಮೂರನೇ ದಿನಕ್ಕೆ ಪಶುವೈದ್ಯ ಸರ್ಟಿಫಿಕೇಟಿನ ಸ್ಕ್ಯಾನ್ ಪ್ರತಿ ಮೇಲ್‌ನಲ್ಲಿ ಬಂತು. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಎರಡು ಕಾಗದ ಪಕ್ಕಪಕ್ಕ ಇಟ್ಟೆ: ಎಡಕ್ಕೆ ಪರ್ಮಿಟ್ಟಿನ ಜೊತೆ ಬಂದ ಷರತ್ತುಗಳು, ಬಲಕ್ಕೆ ಸರ್ಟಿಫಿಕೇಟು. ಪೆನ್ಸಿಲಿನಿಂದ ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಬಂದೆ. ಕಾರ್ಖಾನೆಯ ಸಂಖ್ಯೆ ಸರಿ. ಶಾಖದ ಸಂಸ್ಕರಣೆ ಸರಿ. ರೋಗಗಳ ವಿವರ ಸರಿ. ಮೇವಿನ ಸಾಲಿಗೆ ಬಂದಾಗ ಬಲಗಡೆ ಏನೂ ಇರಲಿಲ್ಲ.

ಹಾಲು ಕೊಟ್ಟ ದನಗಳಿಗೆ ಮೆಲುಕು ಹಾಕುವ ಪ್ರಾಣಿಗಳ ಒಳಾಂಗ, ರಕ್ತದ ಪುಡಿ, ಮಾಂಸದ ಭಾಗ ಸೇರಿದ ಮೇವು ತಿನ್ನಿಸಿಲ್ಲ ಎಂದು ಆ ದೇಶದ ಸರ್ಕಾರಿ ಪಶುವೈದ್ಯರು ಬರೆದು ಸಹಿ ಹಾಕಬೇಕು. ಭಾರತ ಈ ಸಾಲನ್ನು ಬಿಟ್ಟುಕೊಟ್ಟಿಲ್ಲ. ಅಮೆರಿಕಕ್ಕೂ ನಮಗೂ ಹಾಲಿನ ವಿಷಯದಲ್ಲಿ ವರ್ಷಾನುಗಟ್ಟಲೆ ನಡೆದಿರುವ ಜಗಳದ ಮೂಲವೂ ಇದೇ. ಇದಕ್ಕೆ ಎರಡು ಕಾರಣ ಇವೆ. ಬ್ರಿಟನ್ನಿನಲ್ಲಿ ಹುಚ್ಚುಹಸು ರೋಗ ಹಬ್ಬಿದ್ದು ದನಕ್ಕೆ ದನದ ಮಾಂಸ, ಮೂಳೆಯ ಪುಡಿ ತಿನ್ನಿಸಿದ್ದರಿಂದ. ಎರಡನೆಯದು ನಂಬಿಕೆ: ಹುಲ್ಲು ತಿನ್ನುವ ಪ್ರಾಣಿಯ ಹಾಲನ್ನು ದೇವರ ಮುಂದಿಡುವ ಜನಕ್ಕೆ ಆ ಹಸು ಏನು ತಿಂದಿತ್ತು ಅನ್ನುವುದು ದೊಡ್ಡ ವಿಷಯವೇ. ಬೇರೆಯವರಿಗೆ ಇದು ವ್ಯಾಪಾರದ ಅಡ್ಡಗೋಡೆಯಾಗಿ ಕಾಣಬಹುದು. ನನಗೆ ಅದು ನ್ಯಾಯವಾದ ಪ್ರಶ್ನೆ.

ಆ ಕಡೆಯವರು ಎಲ್ಲ ದೇಶಗಳಿಗೂ ಕಳಿಸುವ ಸಾಮಾನ್ಯ ನಮೂನೆಯಲ್ಲೇ ಸರ್ಟಿಫಿಕೇಟು ಮಾಡಿಸಿದ್ದರು. ನಾನು ಭಾರತದ ನಮೂನೆಯನ್ನು ಮೇಲ್‌ನಲ್ಲಿ ಕಳಿಸಿದ್ದೆ, ಆದರೆ ಸಹಿಯಾಗುವ ಮೊದಲು ಕರಡು ತರಿಸಿಕೊಂಡು ಓದಿರಲಿಲ್ಲ. ಹಳೆಯದನ್ನು ರದ್ದು ಮಾಡಿ ಬದಲಿ ಸರ್ಟಿಫಿಕೇಟು ಕೊಡಲು ಅಲ್ಲಿನ ಸರ್ಕಾರಿ ಪಶುವೈದ್ಯರು ಮೇವಿನ ದಾಖಲೆಗಳನ್ನು ಹಾಲು ಹಾಕುವ ರೈತರಿಂದ ಹಿಡಿದು ಮತ್ತೆ ಪರಿಶೀಲಿಸಬೇಕಿತ್ತು. ಸರಕು ಜೂನ್ ಎರಡನೇ ವಾರ ಚೆನ್ನೈಗೆ ಬಂತು. ಸರ್ಟಿಫಿಕೇಟಿನ ಮೂಲ ಪ್ರತಿ ಕೊರಿಯರ್‌ನಲ್ಲಿ ಬಂದದ್ದು ಜುಲೈ ಮೊದಲ ವಾರ. ನಡುವೆ ಹತ್ತೊಂಬತ್ತು ದಿನ ನೂರು ಚೀಲಗಳು ಮಾಧವರಂ ಕಡೆಯ ಗೋದಾಮಿನಲ್ಲಿ ಕೂತವು. ಮೊದಲ ಕೆಲವು ದಿನ ಬಾಡಿಗೆ ಇಲ್ಲ, ಆಮೇಲೆ ದಿನದ ಲೆಕ್ಕ, ಅದೂ ವಾರ ಕಳೆದಂತೆ ಏರುತ್ತಾ ಹೋಗುವ ಲೆಕ್ಕ. ಆ ತಿಂಗಳು ಏಳು ಜನರ ಸಂಬಳಕ್ಕೆ ನನ್ನ ಬಳೆ ಅಡವಿಟ್ಟೆ.

ದುಡ್ಡಿಗಿಂತ ಹೆಚ್ಚಾಗಿ ಸೆಖೆಯ ಚಿಂತೆ ನನ್ನನ್ನು ನಿದ್ದೆಗೆಡಿಸಿತು. ವೇ ಪುಡಿ ತೇವ ಹೀರುತ್ತದೆ, ಹೀರಿದರೆ ಗಂಟುಕಟ್ಟುತ್ತದೆ. ರಾತ್ರಿ ಬಸ್ ಹಿಡಿದು ಚೆನ್ನೈಗೆ ಹೋದೆ. ತಗಡಿನ ಮಾಡಿನ ಕೆಳಗೆ, ಮರದ ಪ್ಯಾಲೆಟ್ ಮೇಲೆ ನಮ್ಮ ಚೀಲಗಳು. ಕಂದು ಕಾಗದದ ಮೂರು ಪದರ, ಒಳಗೆ ಪ್ಲಾಸ್ಟಿಕ್ಕಿನದೊಂದು. ಪ್ರಾಣಿ ಸಂಗರೋಧ ಕೇಂದ್ರದ ಅಧಿಕಾರಿ ದಾಖಲೆ ನೋಡಿ ಒಪ್ಪಿದ ಮೇಲೆ, ಎಫ್‌ಎಸ್‌ಎಸ್‌ಎಐನವರ ಸ್ಯಾಂಪಲ್‌ಗಾಗಿ ಒಂದು ಚೀಲದ ಹೊಲಿಗೆ ಬಿಚ್ಚಿದರು. ನಾನು ಉಸಿರು ಹಿಡಿದು ನಿಂತಿದ್ದೆ. ಪುಡಿ ಸ್ಟೀಲಿನ ಚಮಚದಿಂದ ಅಕ್ಕಿಹಿಟ್ಟಿನಂತೆ ಸಡಿಲವಾಗಿ ಜಾರಿತು. ಕೆನೆಬಣ್ಣ, ಕಾಯಿಸಿ ಆರಿಸಿದ ಹಾಲಿನ ವಾಸನೆ. ಒಂದು ಗಂಟೂ ಇರಲಿಲ್ಲ. ಅಲ್ಲೇ ಕಣ್ಣೀರು ಬಂತು.

ಸ್ಯಾಂಪಲ್ ಎರಡು ಭಾಗ ಮಾಡಿ ಸೀಲು ಹಾಕಿದರು. ತೇವ, ಪ್ರೋಟೀನು, ಸಾಲ್ಮೊನೆಲ್ಲಾ, ಮೆಲಮೈನ್ ಎಲ್ಲದಕ್ಕೂ ಪರೀಕ್ಷೆ. ಮೆಲಮೈನ್ ಮಿತಿ ಇಂಥ ಪದಾರ್ಥಕ್ಕೆ ಕಿಲೋಗೆ 2.5 ಮಿಲಿಗ್ರಾಂ. ಆರನೇ ದಿನ ವರದಿ ಬಂತು, ಎಲ್ಲ ಸರಿ ಇತ್ತು. ಚೀಲದ ಲೇಬಲ್‌ನಲ್ಲಿ ನಮ್ಮ ಹೆಸರು ವಿಳಾಸ, ಎಫ್‌ಎಸ್‌ಎಸ್‌ಎಐ ಗುರುತು, ಹದಿನಾಲ್ಕು ಅಂಕಿಯ ಲೈಸೆನ್ಸ್ ನಂಬರು, ಹಸಿರು ಚುಕ್ಕಿ ಇರಲಿಲ್ಲ. ಇವು ಸರಿಪಡಿಸಬಹುದಾದ ಕೊರತೆಗಳು, ಕಸ್ಟಮ್ಸ್ ಗೋದಾಮಿನೊಳಗೇ ಸ್ಟಿಕ್ಕರ್ ಅಂಟಿಸಲು ಬಿಡುತ್ತಾರೆ. ಇದು ಮೊದಲೇ ಗೊತ್ತಿದ್ದರಿಂದ ಬಿ.ಎಚ್. ರಸ್ತೆಯ ಪ್ರೆಸ್ಸಿನಲ್ಲಿ ನೂರಿಪ್ಪತ್ತು ಸ್ಟಿಕ್ಕರ್ ಮುದ್ರಿಸಿ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಆದರೆ ತಯಾರಿಸಿದ ತಾರೀಕು, ಬ್ಯಾಚ್ ನಂಬರುಗಳನ್ನು ಸ್ಟಿಕ್ಕರ್‌ನಲ್ಲಿ ಅಂಟಿಸಿ ಸರಿಪಡಿಸಲು ಹೋಗಬೇಡಿ. ಅವು ಮೂಲ ಚೀಲದ ಮೇಲೇ ಇರಬೇಕು.

ಸರಕು ತುಮಕೂರಿಗೆ ಬಂದು ಇಳಿದ ದಿನ ಒಂದು ಚಮಚ ಪುಡಿಯನ್ನು ಲೋಟದ ನೀರಿಗೆ ಹಾಕಿ ಅಮ್ಮನಿಗೆ ಕೊಟ್ಟೆ. ಮೂಸಿ ನೋಡಿದಳು. "ಹಾಲೊಡೆದ ನೀರು ಕಣೆ ಇದು" ಅಂದಳು, ಅಷ್ಟೇ.

ಕೋಟಾದ ಕತೆ ಮುಂದಿನ ವರ್ಷದ್ದು. 2024ರ ಜುಲೈಯಲ್ಲಿ ಸಲಹೆಗಾರ ಅನ್ನಿಸಿಕೊಂಡವನೊಬ್ಬ ಊರಿನ ಬೇಕರಿಯವರು, ಸ್ವೀಟ್ ಅಂಗಡಿಯವರು ಮತ್ತು ನನ್ನನ್ನು ಒಟ್ಟಿಗೆ ಕೂರಿಸಿ, ಸರ್ಕಾರ ಹಾಲಿನ ಪುಡಿಗೆ ಕೋಟಾ ಬಿಟ್ಟಿದೆ, ಶೇ 60ರ ಬದಲು ಶೇ 15ರ ಸುಂಕಕ್ಕೆ ತರಿಸಿಕೊಡುತ್ತೇನೆ, ಮುಂಗಡ ಕೊಡಿ ಅಂದ. ಅಂಕಿಗಳು ಸುಳ್ಳಲ್ಲ. ಆ ಜೂನ್ ಕೊನೆಯ ವಾರ ಡಿಜಿಎಫ್‌ಟಿ 10,000 ಟನ್ ಹಾಲಿನ ಪುಡಿಯನ್ನು ಕಡಿಮೆ ಸುಂಕದಲ್ಲಿ ತರಲು ಅನುಮತಿ ಕೊಟ್ಟಿತ್ತು. ನಾನು ಮನೆಗೆ ಬಂದು ಪೋರ್ಟಲ್‌ನಲ್ಲಿ ಮೂಲ ಪ್ರಕಟಣೆಯನ್ನೇ ತೆಗೆದು ಓದಿದೆ. ಕೋಟಾ ಸಿಗುವುದು ಎನ್‌ಡಿಡಿಬಿ, ಸಹಕಾರಿ ಡೈರಿಗಳ ರಾಷ್ಟ್ರೀಯ ಒಕ್ಕೂಟ, ನಾಫೆಡ್, ಎಸ್‌ಟಿಸಿ, ಎಂಎಂಟಿಸಿಯಂಥ ಬೆರಳೆಣಿಕೆಯ ಸರ್ಕಾರಿ, ಸಹಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿಯವರಿಗೆ ಅದರಲ್ಲಿ ಬಾಗಿಲೇ ಇಲ್ಲ. ಅದು ಹಾಲಿನ ಪುಡಿಗೆ, 0402ಕ್ಕೆ. ವೇ ಪುಡಿಗೂ ಅದಕ್ಕೂ ಸಂಬಂಧ ಇಲ್ಲ. ಅಂದು ರಾತ್ರಿಯೇ ಎಲ್ಲರಿಗೂ ಫೋನ್ ಮಾಡಿದೆ. ಇಬ್ಬರು ಆಗಲೇ ದುಡ್ಡು ಕೊಟ್ಟಿದ್ದರು.

ಈ ಕೋಟಾ ಎಲ್ಲಿಂದ ಬಂತೆಂದು ಹುಡುಕಿದಾಗ ಅಮ್ಮನ ಪ್ರಶ್ನೆಯ ಉಳಿದರ್ಧ ಉತ್ತರ ಸಿಕ್ಕಿತು. ಕೆನೆರಹಿತ ಹಾಲಿನ ಪುಡಿಗೆ ಸೊನ್ನೆ ಸುಂಕ ಎಂದು ಭಾರತ ವಿಶ್ವ ವ್ಯಾಪಾರ ಸಂಸ್ಥೆಗೂ ಮುಂಚಿನ ಗ್ಯಾಟ್ ಒಪ್ಪಂದದ ಕಾಲದಲ್ಲೇ ಒಪ್ಪಿಬಿಟ್ಟಿತ್ತು. ಪ್ರಮಾಣದ ನಿರ್ಬಂಧ ಇರುವವರೆಗೆ ಅದರಿಂದ ತೊಂದರೆಯಾಗಲಿಲ್ಲ. 2001ಕ್ಕೆ ಆ ನಿರ್ಬಂಧ ತೆಗೆಯಲೇಬೇಕು ಅನ್ನುವಾಗ, ಸೊನ್ನೆ ಸುಂಕದಲ್ಲಿ ಹೊರಗಿನ ಪುಡಿ ಪ್ರವಾಹದಂತೆ ನುಗ್ಗುವ ಭಯ ಬಂತು. ಮತ್ತೆ ಮಾತುಕತೆ ನಡೆಸಿ, ಶೇ 60ರವರೆಗೆ ಸುಂಕ ಹಾಕುವ ಹಕ್ಕು ಪಡೆದು, ಅದಕ್ಕೆ ಬದಲಾಗಿ 10,000 ಟನ್ನಿಗೆ ಮಾತ್ರ ಶೇ 15ರ ಕಿಂಡಿ ಬಿಟ್ಟರು. ಕೋಟಾ ಅನ್ನುವುದು ಯಾರಿಗೋ ಕೊಟ್ಟ ರಿಯಾಯಿತಿ ಎಂದುಕೊಂಡಿದ್ದೆ. ಅದು ನಿಜಕ್ಕೂ ಗೋಡೆ ಕಟ್ಟಿಕೊಳ್ಳಲು ನಾವು ತೆತ್ತ ಬೆಲೆ.

10,000 ಟನ್ ಎಷ್ಟು ಅನ್ನುವುದನ್ನು ಅಮ್ಮನಿಗೆ ಲೆಕ್ಕ ಹಾಕಿ ಹೇಳಿದೆ. ಒಂದು ಕಿಲೋ ಪುಡಿಗೆ ಸುಮಾರು 11 ಲೀಟರ್ ಹಾಲು, ಅಂದರೆ ಒಟ್ಟು 11 ಕೋಟಿ ಲೀಟರ್. ಅದೇ ಜೂನ್ ಕೊನೆಗೆ ಕೆಎಂಎಫ್‌ನ ದಿನದ ಸಂಗ್ರಹ ಮೊದಲ ಸಲ ಒಂದು ಕೋಟಿ ಲೀಟರ್ ಮುಟ್ಟಿತ್ತು. ಹೆಚ್ಚಿದ ಹಾಲು ಖರ್ಚಾಗಲೆಂದು ಪ್ಯಾಕೆಟ್ಟಿಗೆ 50 ಮಿಲಿ ಸೇರಿಸಿ ಎರಡು ರೂಪಾಯಿ ಏರಿಸಿದ್ದರು. ಇಲ್ಲಿ ಹಾಲು ತುಂಬಿ ತುಳುಕುವ ವಾರದಲ್ಲೇ ಅಲ್ಲಿ ಹೊರಗಿನ ಪುಡಿಗೆ ಅನುಮತಿ. ನಮ್ಮ ರಾಜ್ಯದ ಹನ್ನೊಂದು ದಿನದ ಹಾಲಿನಷ್ಟೇ ಆದರೂ ಆ ಸುದ್ದಿಗೆ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರ ಮುಖ ಬಾಡುತ್ತದೆ. ದೊಡ್ಡ ದೇಶಗಳ ಪುಡಿ ಸುಂಕವಿಲ್ಲದೆ ಒಳಗೆ ಬಂದ ದಿನ ಅಮ್ಮನ ಡೈರಿ ಚೀಟಿಯ ಮೇಲೆ ಹಾಲಿನ ಗುಣ ಹೇಳುವ ಫ್ಯಾಟು, ಎಸ್‌ಎನ್‌ಎಫ್ ಅಂಕಿಗಳಿಗೆ ಬೆಲೆ ಇರುವುದಿಲ್ಲ. 2019ರ ನವೆಂಬರ್‌ನಲ್ಲಿ ಆರ್‌ಸಿಇಪಿ ಎಂಬ ಏಷ್ಯಾ–ಪೆಸಿಫಿಕ್ ದೇಶಗಳ ಸುಂಕ ಇಳಿಸುವ ವ್ಯಾಪಾರ ಒಪ್ಪಂದದಿಂದ ಭಾರತ ಹೊರಗುಳಿದಾಗ ನಮ್ಮೂರಿನ ಹಾಲು ಸಂಘದಲ್ಲಿ ಸಿಹಿ ಹಂಚಿದ್ದರು. ಆಗ ನನಗೆ ಅದು ಅರ್ಥವಾಗಿರಲಿಲ್ಲ.

ಹಾಗೆಂದು ವೇ ಪುಡಿಗೂ ಅದೇ ಮಾತು ಹೇಳಲು ನನ್ನಿಂದ ಆಗುವುದಿಲ್ಲ. ಅಮ್ಮನ ಹಸುವಿನ ಹಾಲಿಗೆ ನನ್ನ ನೂರು ಚೀಲ ಎದುರಾಳಿಯಲ್ಲ, ಏಕೆಂದರೆ ಆ ವಸ್ತು ನಮ್ಮ ಜಿಲ್ಲೆಯಲ್ಲಿ ತಯಾರಾಗುತ್ತಲೇ ಇಲ್ಲ. ಆಗಬೇಕು ಅನ್ನುವುದು ನನ್ನ ಆಸೆ. 2024ರ ಡಿಸೆಂಬರ್‌ನಲ್ಲಿ ನಂದಿನಿಯವರು ಶೇ 5 ವೇ ಪ್ರೋಟೀನ್ ಸೇರಿಸಿದ ಇಡ್ಲಿ–ದೋಸೆ ಹಿಟ್ಟು ಮಾರುಕಟ್ಟೆಗೆ ಬಿಟ್ಟಾಗ ನಾನು ಮೊದಲ ವಾರವೇ ಒಂದು ಪ್ಯಾಕೆಟ್ ತಂದು ದೋಸೆ ಹುಯ್ದೆ. ವೇ ಅನ್ನುವ ಪದ ಈಗ ನಮ್ಮ ಅಡುಗೆಮನೆಗೆ ಬಂದಿದೆ. ಒಕ್ಕೂಟದ ಪನೀರು ಘಟಕಗಳ ನೀರು ಚರಂಡಿಗೋ ಕಲಗಚ್ಚಿಗೋ ಹೋಗದೆ ಪುಡಿಯಾಗಿ ನನ್ನ ಬಾಗಿಲಿಗೆ ಬರುವುದಾದರೆ, ಚೆನ್ನೈಗೆ ಹೋಗುವ ರಾತ್ರಿ ಬಸ್ಸನ್ನು ನಾನು ಸಂತೋಷದಿಂದ ಬಿಡುತ್ತೇನೆ. ಅಂಥ ಪುಡಿಗೆ ಒಂದು ಕಿಲೋಗೆ ಐವತ್ತು ರೂಪಾಯಿ ಹೆಚ್ಚು ಕೊಟ್ಟೇನು.

ಅಲ್ಲಿಯವರೆಗೆ ಈ ದಾರಿಯಲ್ಲೇ ನಡೆಯಬೇಕು. ಎರಡನೇ ಸಲದ ಸರಕು ಬಂದರಿನಿಂದ ಎಂಟೇ ದಿನಕ್ಕೆ ಹೊರಬಂತು. ಮೊನ್ನೆ ಮೂರನೇ ಪರ್ಮಿಟ್ಟಿಗೆ ಅರ್ಜಿ ಹಾಕಿದ್ದೇನೆ. ಶಾಖದ ಡಿಗ್ರಿ, ಸೆಕೆಂಡು, ಉಪಯೋಗ ಎಲ್ಲ ಮೊದಲೇ ಬರೆದಿದ್ದೇನೆ. ಸಹಿಯಾಗದ ಕರಡು ಸರ್ಟಿಫಿಕೇಟು ನಿನ್ನೆ ರಾತ್ರಿ ಬಂತು. ಅಮ್ಮ ಹಬ್ಬಕ್ಕೆಂದು ಬಂದವಳು ಎದುರಿಗೆ ಅವರೆಕಾಳು ಹಿದುಕುತ್ತಾ ಕೂತಿದ್ದಳು. "ಹಸ ಏನ್ ತಿಂದೈತೆ ಅಂತ ಬರ್ದವ್ರಾ?" ಅಂತ ಕೇಳಿದಳು. ಏಳನೇ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದೆ.